ಕಾಲು ದೊಡ್ಡದೋ, ಮೂರರಲ್ಲೊಂದು ದೊಡ್ಡದೋ?

ಕಳೆದ ವರ್ಷ ಡೊಂಬಿವಲಿಯಲ್ಲಿ ನನ್ನ ಕೈಗೆ ಅನುವಾದಕ್ಕೆಂದು ಮಕ್ಕಳ ಗಣಿತದ ಒಂದು ಪಾಠ ಬಂತು. ಮನೆಯಲ್ಲೇ ಪಾಠ ಹೇಳಿಕೊಡುವ ಕ್ರೈಸ್ತ ಕುಟುಂಬಗಳಿಗಾಗಿ ಬರೆದದ್ದು. ವಿಷಯ: ಭಿನ್ನರಾಶಿಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ಕತೆಯಿಂದ ಪಾಠ ಶುರುವಾಗುತ್ತಿತ್ತು. ಶ್ರೀಮಂತರು ತಮ್ಮಲ್ಲಿ ಮಿಕ್ಕದ್ದರಲ್ಲಿ ಕೊಟ್ಟರು, ಇವಳು ಇದ್ದದ್ದನ್ನೆಲ್ಲ ಕೊಟ್ಟಳು. ಹಾಗಾದರೆ ಯಾರದು ಹೆಚ್ಚು?

ಕತೆ ಒಳ್ಳೆಯದೇ. ಆದರೆ ಮೊದಲ ಪಾಠಕ್ಕೆ ಅದು ಸಲ್ಲದು ಅನ್ನಿಸಿತು. ಎರಡು ಭಿನ್ನರಾಶಿಗಳನ್ನು ಅಳತೆಗಳಾಗಿ ಹೋಲಿಸಬೇಕಾದರೆ ಎರಡರ ಹಿಂದೆಯೂ ಒಂದೇ ಇಡಿ ಇರಬೇಕು. ಅರ್ಧ ದೋಸೆಯನ್ನೂ ಕಾಲು ಮೂಟೆ ಅಕ್ಕಿಯನ್ನೂ ಎದುರುಬದುರು ಇಟ್ಟು ಅರ್ಧವೇ ದೊಡ್ಡದು ಎನ್ನುವಂತಿಲ್ಲ. ಯೇಸು ಹೇಳಿದ್ದು ಬೇಕೆಂದೇ ಇಡಿಯನ್ನು ಬದಲಿಸುವ ಮಾತು: ಪೆಟ್ಟಿಗೆಯಲ್ಲಿರುವುದನ್ನು ಎಣಿಸಬೇಡಿ, ಅವರವರ ಮನೆಯಲ್ಲಿ ಉಳಿದದ್ದನ್ನು ನೋಡಿ ಎಂದು. ಲೆಕ್ಕ ಗೊತ್ತಿದ್ದವನಿಗೆ ಅದು ತಟ್ಟುತ್ತದೆ. ಗೊತ್ತಿಲ್ಲದ ಮಗು ಗೊಂದಲಕ್ಕೆ ಬೀಳುತ್ತದೆ.

ಈ ಪಾಠಕ್ಕೆ ಬೇಕಾದ ವಚನ ಬೈಬಲಿನಲ್ಲೇ ಬೇರೆ ಕಡೆ ಇದೆ. ಅರಣ್ಯಕಾಂಡದ 15ನೇ ಅಧ್ಯಾಯದಲ್ಲಿ ಬಲಿಯ ಜೊತೆ ಅರ್ಪಿಸಬೇಕಾದ ಹಿಟ್ಟು, ಎಣ್ಣೆಗಳ ಪಟ್ಟಿ ಬರುತ್ತದೆ. ಕುರಿಮರಿಗೆ ಏಫದ ಹತ್ತರಲ್ಲೊಂದು ಪಾಲು ಹಿಟ್ಟು, ಕಾಲು ಹಿನ್ ಎಣ್ಣೆ. ಟಗರಿಗೆ ಹತ್ತರಲ್ಲೆರಡು, ಮತ್ತು ಹಿನ್ನಿನ ಮೂರರಲ್ಲೊಂದು. ಹೋರಿಗೆ ಹತ್ತರಲ್ಲಿ ಮೂರು, ಮತ್ತು ಅರ್ಧ ಹಿನ್. ಪ್ರಾಣಿ ದೊಡ್ಡದಾದಂತೆ ಅಳತೆಯೂ ಹೆಚ್ಚುತ್ತದೆ. ಹಿಟ್ಟಿನಲ್ಲಿ ಛೇದ ಒಂದೇ, ಅಂಶ ಏರುತ್ತದೆ. ಎಣ್ಣೆಯಲ್ಲಿ ಅಂಶ ಒಂದೇ, ಛೇದ ಇಳಿಯುತ್ತದೆ. ಇಂದಿನ ಪಠ್ಯಪುಸ್ತಕ ಎರಡು ಅಭ್ಯಾಸಗಳಲ್ಲಿ ಕಲಿಸುವುದನ್ನು ಆ ಪುರೋಹಿತರ ಪಟ್ಟಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದೆ.

ಮಕ್ಕಳು ಎಡವುವುದು ಎಣ್ಣೆಯ ಸಾಲಿನಲ್ಲಿ. ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ 1/3ಕ್ಕಿಂತ 1/4 ದೊಡ್ಡದು ಅನ್ನುತ್ತಾರೆ. ಕನ್ನಡದ ಬಾಯಿಲೆಕ್ಕದಲ್ಲಿ ಈ ತಪ್ಪಿಗೆ ಎಡೆ ಕಡಿಮೆ. ಅರೆ, ಕಾಲು, ಅರೆಕಾಲು, ಹದಿನಾರರಲ್ಲೊಂದಕ್ಕೆ ವೀಸ: ಎಲ್ಲವೂ ಅರ್ಧರ್ಧ ಮಾಡುತ್ತ ಹೋದ ಹೆಸರುಗಳು. ‘ಕಾಲು’ ಅಂದಾಗ ನಾಲ್ಕು ಕಿವಿಗೆ ಬೀಳುವುದೇ ಇಲ್ಲ. ಮೂರರಲ್ಲೊಂದಕ್ಕೆ ಮಾತ್ರ ಆಡುಮಾತಿನಲ್ಲಿ ಅಂಥ ಗಿಡ್ಡ ಹೆಸರಿಲ್ಲ, ಬಿಡಿಸಿಯೇ ಹೇಳಬೇಕು. ಠಾಣೆ, ಕಲ್ಯಾಣದ ಹಳೆಯ ಮರಾಠಿ ಶಾಲೆಗಳ ಮಗ್ಗಿಯಲ್ಲೂ ಹಾಗೇ. ಪಾವಕಿ, ನಿಮಕಿ, ಪಾವುಣಕಿ, ಸವಾಯಕಿ, ದಿಡಕಿ, ಅಡಿಚಕಿ ಎಲ್ಲ ಇವೆ, ಮೂರರಲ್ಲೊಂದರ ಮಗ್ಗಿ ಇಲ್ಲ.

ಮುಂಬಯಿಗೆ 1813ರಲ್ಲಿ ಬಂದ ಅಮೆರಿಕನ್ ಮಿಷನರಿಗಳೂ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೂ ಶಾಲೆ ತೆರೆದದ್ದು ಇಂಥ ಬಾಯಿಲೆಕ್ಕದ ನಾಡಿನಲ್ಲಿ. ಗಣಿತವನ್ನು ಇಲ್ಲಿಗೆ ಅವರೇ ತಂದರು ಅನ್ನುವವರಿದ್ದಾರೆ. ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದದ್ದು 12ನೇ ಶತಮಾನದಲ್ಲಿ. ಮೂರರಲ್ಲೊಂದರ ತೊಡಕನ್ನು ಬಿಡಿಸಲು ಆಗಿನ ಮಕ್ಕಳ ಕಿಸೆಯಲ್ಲಿ ಆಣೆ ಇತ್ತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಕಾಲು ರೂಪಾಯಿ ಅಂದರೆ 4 ಆಣೆ, ಮೂರರಲ್ಲೊಂದು ಅಂದರೆ 5 ಆಣೆ 4 ಪೈ, ಅರ್ಧ ಅಂದರೆ 8 ಆಣೆ. ಅರಣ್ಯಕಾಂಡದ ಎಣ್ಣೆಯನ್ನು ಹೀಗೆ ಆಣೆಗಿಳಿಸಿದರೆ ಯಾವುದು ಹೆಚ್ಚೆಂದು ಕೇಳಬೇಕಿಲ್ಲ. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು. ಅಂದಿನಿಂದ ರೂಪಾಯಿಯನ್ನು ಮೂವರಿಗೆ ಸಮನಾಗಿ ಹಂಚಲು ಬರುವುದಿಲ್ಲ.

ವಿಧವೆಯ ಕಾಸಿನಲ್ಲೂ ಒಂದು ಭಿನ್ನರಾಶಿ ಅಡಗಿದೆ. ಗ್ರೀಕಿನಲ್ಲಿ ಬರೆದ ಮಾರ್ಕ, ಆ ಎರಡು ಕಾಸು ಸೇರಿದರೆ ಒಂದು ‘ಕ್ವಾಡ್ರನ್ಸ್’ ಎಂದು ರೋಮಿನ ಲೆಕ್ಕದಲ್ಲಿ ವಿವರಿಸುತ್ತಾನೆ. ಆ ಹೆಸರಿನ ಅರ್ಥವೇ ಕಾಲು ಭಾಗ, ‘ಆಸ್’ ಎಂಬ ನಾಣ್ಯದ ಕಾಲು. ನಮ್ಮ ಕಾಲಾಣೆ ಇದ್ದ ಹಾಗೆ.

ಅನುವಾದದ ಜೊತೆ ಒಂದು ಟಿಪ್ಪಣಿ ಕಳಿಸಿದೆ: ಟಗರು, ಹೋರಿಯ ಪಾಠ ಮೊದಲು ಬರಲಿ, ವಿಧವೆ ಕೊನೆಗೆ, ನಡುವೆ ಆಣೆಯ ಒಂದು ಉದಾಹರಣೆ ಸೇರಲಿ. ಅನುಕ್ರಮಕ್ಕೆ ಒಪ್ಪಿದರು. ಆಣೆಯನ್ನು ತೆಗೆದುಹಾಕಿದರು, ಈಗಿನ ಮಕ್ಕಳಿಗೆ ಅದು ಗೊತ್ತಿಲ್ಲವಂತೆ.