ಅಂಗಾಲಿನ ಮೆಲನೋಮಾ ಮತ್ತು ದುಗ್ಧರಸ ನಾಳಗಳ ಇಬ್ಬಗೆ

ಬೆಂಗಳೂರಿನ ರಾಜಾಜಿನಗರ, ಕೆಂಗೇರಿ ಕಡೆಯ ಚರ್ಮವೈದ್ಯರಿಗೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಅಪರೂಪದ ರೋಗ. ನಮ್ಮವರಲ್ಲಿ ಅದು ಹೆಚ್ಚಾಗಿ ಅಂಗಾಲಿನಲ್ಲೋ ಉಗುರಿನಡಿಯಲ್ಲೋ ಹುಟ್ಟುತ್ತದೆ. ಆಣಿಯೆಂದೋ ಮಾಯದ ಗಾಯವೆಂದೋ ದಿನ ದೂಡಿ, ತೊಡೆಸಂದಿನಲ್ಲಿ ಗಂಟು ಕಂಡ ಮೇಲೆ ಆಸ್ಪತ್ರೆಗೆ ಬರುವವರುಂಟು. ಕ್ಯಾನ್ಸರ್ ಕೋಶಗಳು ಅಲ್ಲಿಗೆ ತಲುಪಿದ್ದು ದುಗ್ಧರಸ ನಾಳದ ಮೂಲಕ. ಹಾಗಾಗಿ ಈ ನಾಳವನ್ನು ರೋಗ ಹರಡುವ ಹಾದಿಯೆಂದಷ್ಟೇ ಕಾಣುವುದು ರೂಢಿ. ಆ ನೋಟ ಸಾಲದು.

ಗಡ್ಡೆಯ ಪ್ರತಿಜನಕಗಳನ್ನು ಹೊತ್ತ ಡೆಂಡ್ರೈಟಿಕ್ ಕೋಶಗಳು ದುಗ್ಧರಸ ಗ್ರಂಥಿ ಸೇರಿ ರೋಗನಿರೋಧಕ ಟಿ ಕೋಶಗಳನ್ನು ಎಚ್ಚರಿಸುವುದೂ ಇದೇ ನಾಳದಿಂದ. ನಾಳದ ಗೋಡೆ ಸ್ರವಿಸುವ ಸಿಸಿಎಲ್21 ಎಂಬ ಪ್ರೋಟೀನು ಡೆಂಡ್ರೈಟಿಕ್ ಕೋಶಗಳಿಗೆ ಜಾಡು. ಚರ್ಮದಲ್ಲಿ ದುಗ್ಧರಸ ನಾಳಗಳಿಲ್ಲದ ಇಲಿಗಳನ್ನು ಅಮಾಂಡಾ ಲುಂಡ್ ಮತ್ತು ಸಂಗಡಿಗರು 2016ರಲ್ಲಿ ಪರೀಕ್ಷಿಸಿದಾಗ ಮೆಲನೋಮಾ ಚೆನ್ನಾಗಿಯೇ ಬೆಳೆಯಿತು, ಆದರೆ ಅದರೊಳಗೆ ಬಿಳಿ ರಕ್ತಕಣಗಳು ತೀರಾ ಕಡಿಮೆ. 2018ರಲ್ಲಿ ಅದೇ ತಂಡ ಇನ್ನೊಂದು ಮಗ್ಗುಲನ್ನು ತೋರಿಸಿತು. ದಾಳಿಗಿಳಿದ ಟಿ ಕೋಶಗಳು ಸೂಸುವ ಇಂಟರ್‌ಫೆರಾನ್ ಗಾಮಾ ತಾಗಿದ ಕೂಡಲೇ ನಾಳದ ಗೋಡೆ ಪಿಡಿ-ಎಲ್1 ಪ್ರೋಟೀನನ್ನು ಹೊರತಂದು ಅವೇ ಟಿ ಕೋಶಗಳಿಗೆ ಕಡಿವಾಣ ಹಾಕುತ್ತದೆ. ಕರೆಸಿಕೊಂಡದ್ದೂ ತಡೆದದ್ದೂ ಒಂದೇ ಗೋಡೆ! ಆರೋಗ್ಯವಂತ ಚರ್ಮವನ್ನು ಅತಿಯಾದ ಉರಿಯೂತದಿಂದ ಕಾಯುವ ಏರ್ಪಾಟನ್ನು ಗಡ್ಡೆ ತನಗೆ ಬಳಸಿಕೊಂಡಿದೆ ಎಂಬುದು ನನ್ನ ಓದು.

ನಾಳದ ಈ ಇಬ್ಬಗೆಯಲ್ಲಿ ಗ್ರಂಥಿ ತೆಗೆಯುವ ಶಸ್ತ್ರವೈದ್ಯರಿಗೂ ಪಾಲಿದೆ. ಗಡ್ಡೆಯ ದುಗ್ಧರಸ ಮೊದಲು ತಲುಪುವ ಕಾವಲು ಗ್ರಂಥಿಯಲ್ಲಿ ಮೆಲನೋಮಾ ಕಂಡ 1,900ಕ್ಕೂ ಹೆಚ್ಚು ರೋಗಿಗಳ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಉಳಿದ ಗ್ರಂಥಿಗಳನ್ನೂ ತೆಗೆದವರಲ್ಲಿ ಮೆಲನೋಮಾದಿಂದ ಸಾಯದೆ ಉಳಿದವರ ಪ್ರಮಾಣ ಹೆಚ್ಚಲಿಲ್ಲ. ದುಗ್ಧರಸ ಕಟ್ಟಿ ಬರುವ ಬಾವು ಮಾತ್ರ ಶೇ. 24ರಷ್ಟು ಮಂದಿಗೆ ಬಂತು, ಗ್ರಂಥಿ ಉಳಿಸಿಕೊಂಡವರಲ್ಲಿ ಶೇ. 6ರಷ್ಟು. ಇಂಥ ಬಾವು ಬರೀ ಭಾರವಲ್ಲ. ದುಗ್ಧರಸ ಕಟ್ಟಿದ ಅಂಗದ ರೋಗನಿರೋಧ ಕುಂದುತ್ತದೆ. ಸ್ತನ ಶಸ್ತ್ರಕ್ರಿಯೆಯ ನಂತರ ಊದಿದ ತೋಳಿನಲ್ಲಿ ಹುಟ್ಟಿದ ಆಂಜಿಯೋಸಾರ್ಕೋಮಾಗಳನ್ನು ಸ್ಟೀವರ್ಟ್ ಮತ್ತು ಟ್ರೀವ್ಸ್ 1948ರಲ್ಲೇ ವರ್ಣಿಸಿದ್ದರು. ದುಗ್ಧರಸ ಕಟ್ಟಿಯೇ ಕಾಲು ಊದುವ ಆನೆಕಾಲು ರೋಗಿಗಳಿಗೆ ಚರ್ಮದ ಶುಚಿ, ಯೋಗ, ಆಯುರ್ವೇದ, ಒತ್ತುಪಟ್ಟಿ ಬೆರೆಸಿ ಚಿಕಿತ್ಸೆ ಕೊಡುವ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯ ಅನುಭವವನ್ನು ಕ್ಯಾನ್ಸರ್ ತಜ್ಞರು ಓದಬೇಕಾದದ್ದು ಇದಕ್ಕೇ.

ಇಲಿಯ ಫಲಿತಾಂಶವನ್ನು ಇಡಿಯಾಗಿ ಇಲ್ಲಿಗೆ ತರಲಾಗದು. ಅಂಗಾಲಿನ ಮೆಲನೋಮಾಕ್ಕೆ ಬಿಸಿಲು ಮುಖ್ಯ ಕಾರಣವಲ್ಲ, ಅದರಲ್ಲಿ ವಂಶವಾಹಿಯ ಬಿಂದು ಮಾರ್ಪಾಟುಗಳೂ ಕಡಿಮೆ. ಟಿ ಕೋಶಗಳ ಕಣ್ಣಿಗೆ ಬೀಳುವ ಗುರುತುಗಳೇ ವಿರಳ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಗಳಲ್ಲಿ ಅಂಗಾಲಿನ ಗಡ್ಡೆಯ ತುಣುಕುಗಳಿಗೆ ದುಗ್ಧರಸ ನಾಳಗಳನ್ನು ಎದ್ದು ತೋರಿಸುವ ಪೊಡೊಪ್ಲಾನಿನ್ ಬಣ್ಣ ಹಾಕಿ, ನಾಳಗಳನ್ನು ಎಣಿಸುವುದರ ಜೊತೆಗೆ ಅವುಗಳ ಗೋಡೆಯ ಪಿಡಿ-ಎಲ್1 ಅನ್ನೂ ಸುತ್ತಲಿನ ಟಿ ಕೋಶಗಳನ್ನೂ ಒಟ್ಟಿಗೆ ಅಳೆದರೆ, ಇಲ್ಲಿನ ರೋಗಿಯಲ್ಲಿ ನಾಳದ ಯಾವ ಮುಖ ಮೇಲುಗೈ ಪಡೆದಿದೆಯೆಂದು ಕೇಳಬಹುದು.