ಕ್ರಿಕೆಟ್ಟಿನ ಬಿಡುವು ಮಾರಾಟವಾದ ಬಗೆ

ಕ್ರಿಕೆಟ್ ಮೂಲತಃ ಬಿಡುವಿನ ಆಟ. ಓವರಿಗೂ ಓವರಿಗೂ ನಡುವೆ ಒಂದಿಷ್ಟು ಹೊತ್ತು ಏನೂ ನಡೆಯುವುದಿಲ್ಲ. ಹಿಂದೆ ಟೆಸ್ಟ್ ಪಂದ್ಯಗಳ ಮಧ್ಯೆ ಇಡೀ ಒಂದು ದಿನದ ವಿಶ್ರಾಂತಿಯೂ ಇರುತ್ತಿತ್ತು. ಅಭಿಮಾನಿ ನಡೆದದ್ದನ್ನು ಮೆಲುಕು ಹಾಕುತ್ತಿದ್ದುದು, ಪಕ್ಕದವನೊಡನೆ ವಾದಕ್ಕಿಳಿಯುತ್ತಿದ್ದುದು ಈ ಬಿಡುವಿನಲ್ಲೇ.

ಮಂಗಳೂರು ಟೆಸ್ಟ್ ಪಂದ್ಯವನ್ನು ಕಂಡ ನಗರವಲ್ಲ. ಹಾಗೆಂದು ಕ್ರಿಕೆಟ್ ಇಲ್ಲಿಗೆ ಹೊಸತೂ ಅಲ್ಲ. ನೆಹರೂ ಮೈದಾನದಲ್ಲಿ ತಲೆಮಾರುಗಳಿಂದ ಆಟ ನಡೆದಿದೆ. ಸಮೀಪದ ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ರನ್ ಗಳಿಸಿದ್ದರು. ದೊಡ್ಡ ಪಂದ್ಯಗಳು ಮಾತ್ರ ಊರಿಗೆ ಬರುತ್ತಿದ್ದುದು ರೇಡಿಯೋದ ಮೂಲಕ. 1975ರ ಜನವರಿಯಲ್ಲಿ ಅದೇ ಮದರಾಸಿನಲ್ಲಿ ಜಿ.ಆರ್. ವಿಶ್ವನಾಥ್ ವೆಸ್ಟ್ ಇಂಡೀಸ್ ವಿರುದ್ಧ ಔಟಾಗದೆ 97 ರನ್ ಹೊಡೆದರು. ಆ ಸರಣಿ ತಿಂಗಳ ಕೊನೆಗೆ ಮುಗಿದ ಮೇಲೆ ಭಾರತ ಮತ್ತೆ ಟೆಸ್ಟ್ ಆಡಿದ್ದು 1976ರ ಜನವರಿಯಲ್ಲಿ. ಒಂದು ಇನಿಂಗ್ಸ್ ಜನರ ಮಾತಿನಲ್ಲಿ ಮಾಗಲು ಹೆಚ್ಚುಕಡಿಮೆ ಒಂದು ವರ್ಷವೇ ಸಿಕ್ಕಿತ್ತು.

ತಿರುವು ಬಂದದ್ದು 1993ರ ಹೀರೋ ಕಪ್‌ನಲ್ಲಿ. ಪ್ರಸಾರದ ಹಕ್ಕನ್ನು ಕ್ರಿಕೆಟ್ ಮಂಡಳಿ ವಿದೇಶಿ ಸಂಸ್ಥೆಯೊಂದಕ್ಕೆ ಕೊಟ್ಟಾಗ ದೂರದರ್ಶನದೊಡನೆ ವಿವಾದವೆದ್ದಿತು. ತರಂಗಗಳು ಸಾರ್ವಜನಿಕ ಸೊತ್ತು, ಸರ್ಕಾರದ ಏಕಸ್ವಾಮ್ಯವಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಪ್ರಸಾರಕ್ಕೆ ಪೈಪೋಟಿ ಹೆಚ್ಚಿದಂತೆ ಬೆಲೆಯೂ ಏರಿತು. ಆ ಬೆಲೆಯನ್ನು ಹುಟ್ಟಿಸಬೇಕಾದ್ದು ಜಾಹೀರಾತು; ಜಾಹೀರಾತಿಗೆ ಹೇಳಿ ಮಾಡಿಸಿದ ಜಾಗವೆಂದರೆ ಓವರುಗಳ ನಡುವಿನ ಬಿಡುವು.

2008ರ ಏಪ್ರಿಲ್ 18ರಂದು ಬೆಂಗಳೂರಿನಲ್ಲಿ ಐಪಿಎಲ್ ಆರಂಭವಾಯಿತು. ಇರುವ ಬಿಡುವು ಸಾಲದೆಂಬಂತೆ ಮರುವರ್ಷ ಪ್ರತಿ ಇನಿಂಗ್ಸಿನ ಮಧ್ಯೆ ಏಳೂವರೆ ನಿಮಿಷಗಳ 'ಟೈಮ್ ಔಟ್' ಬಂತು. ಲಯ ಕೆಡುತ್ತದೆಂದು ಆಟಗಾರರೇ ಗೊಣಗಿದ ಮೇಲೆ ಅದನ್ನು ಎರಡೂವರೆ ನಿಮಿಷಗಳ ಎರಡು ತುಂಡುಗಳಾಗಿ ಒಡೆಯಲಾಯಿತೇ ಹೊರತು ಕೈಬಿಡಲಿಲ್ಲ. ಮೊದಲ ವರ್ಷ 59 ಇದ್ದ ಪಂದ್ಯಗಳು 2022ರಲ್ಲಿ 74 ಆದವು. 2023ರಿಂದ 2027ರವರೆಗಿನ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು; ಪಂದ್ಯವೊಂದಕ್ಕೆ ಸುಮಾರು 118 ಕೋಟಿ.

ಈ ಹಣದಿಂದ ಆಟಗಾರರ ಬದುಕು ಹಸನಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ನಿನ್ನೆಯ ಪಂದ್ಯವನ್ನು ಇಂದಿನದು ಅಳಿಸಿಹಾಕುವಾಗ ಯಾವ 97 ತಾನೇ ನೆನಪಿನಲ್ಲಿ ಉಳಿದೀತು? ಊರಿನ ಹೆಸರೂ ಈಗ ಪರದೆಯ ಸರಕು. 2025ರ ಮಹಾರಾಜ ಟ್ರೋಫಿಯನ್ನು ಗೆದ್ದದ್ದು ಮಂಗಳೂರು ಡ್ರ್ಯಾಗನ್ಸ್. ಪಂದ್ಯಗಳು ನಡೆದದ್ದು ಮೈಸೂರಿನಲ್ಲಿ. ತನ್ನದೇ ಹೆಸರಿನ ತಂಡದ ಗೆಲುವನ್ನು ಮಂಗಳೂರು ನೋಡಿದ್ದೂ ಜಾಹೀರಾತುಗಳ ಸಂದಿಯಲ್ಲಿ. ಆಟಕ್ಕೆ ಪ್ರೇಕ್ಷಕರ ಕೊರತೆಯಿಲ್ಲ. ಕಂಡದ್ದನ್ನು ಕುಳಿತು ಮಾತಾಡಲು ಅವರಿಗೆ ಸಿಗುತ್ತಿದ್ದ ಹೊತ್ತು ಮಾತ್ರ ಈಗ ಬೇರೆಯವರ ಪಾಲಾಗಿದೆ.