ಕೆಂಪುಕಲ್ಲಿನ ಗೋಡೆ, ಅಡಿಕೆಮರದ ಸಾರುವೆ

ಪುತ್ತೂರು, ಸುಳ್ಯ, ಕಡಬದ ಕಡೆ ಮನೆ ಕಟ್ಟುವುದೆಂದರೆ ಮೊದಲು ಕೆಂಪುಕಲ್ಲಿನ ಲೆಕ್ಕ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮಲಬಾರಿನ ಅಂಗಡಿಪುರಂನಲ್ಲಿ ಕಂಡು ಬರೆದಿಟ್ಟ. ಕಲ್ಲು ಕಡಿಯುವವರಿಗೆ ಅದು ಮೊದಲೇ ಗೊತ್ತಿತ್ತೆನ್ನಿ.

ಯಂತ್ರ ಬರುವ ಮುಂಚೆ ಕೋರೆಯಲ್ಲಿ ಕೊಡಲಿಯೇ ಎಲ್ಲ. ಕಲ್ಲಿನ ಸುತ್ತ ಸಪೂರ ಸಾಲು ಕಡಿದು, ಅಡಿಯಿಂದ ಎಬ್ಬಿಸಿ, ಮೈ ಕೆತ್ತಿ ಸಪಾಟು ಮಾಡಬೇಕು. ತಲೆಗೆ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ. ಬಿಸಿಲಿಗೆ ಸಾಕು, ಮೇಲಿಂದ ಬೀಳುವ ಕಲ್ಲಿಗಲ್ಲ. ಗೋಡೆ ಏರಿದಂತೆ ಅಡಿಕೆಮರ, ಬಿದಿರಿನ ಸಾರುವೆ. ಅದರ ಭದ್ರತೆ ಹಗ್ಗದ ಗಂಟಿನಲ್ಲಿತ್ತು.

ಕಾನೂನು ಬಂದದ್ದು ತಡವಾಗಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ, 1998ರ ಕೇಂದ್ರ ನಿಯಮಗಳು, 2006ರ ಕರ್ನಾಟಕ ನಿಯಮಗಳು ಹೆಲ್ಮೆಟ್, ಸುರಕ್ಷಾ ಬೆಲ್ಟ್, ಗಟ್ಟಿ ಸಾರುವೆ ಕೇಳಿದವು. ಆದರೆ ಕಾಯ್ದೆ ಹಿಡಿದದ್ದು ಕನಿಷ್ಠ 10 ಆಳು ದುಡಿಯುವ ಕಡೆ. 10 ಲಕ್ಷದೊಳಗೆ ಸ್ವಂತ ಮನೆ ಕಟ್ಟಿಸುವವರನ್ನು ಹೊರಗಿಟ್ಟಿತು. ಮೇಸ್ತ್ರಿ ಒಬ್ಬ, ಆಳು ಮೂವರು ಇರುವ ಹಳ್ಳಿಮನೆಯ ಕೆಲಸ ಹಾಗೇ ಉಳಿಯಿತು.

ಕೋರೆಯದು ಬೇರೆ ಕಥೆ. 1952ರ ಗಣಿ ಕಾಯ್ದೆಯ ಮೂರನೇ ಕಲಮು ಕೆಂಪುಕಲ್ಲನ್ನು ಹೆಸರಿಸಿಯೇ, ಆಳ 6 ಮೀಟರ್ ಮೀರದ, 50ಕ್ಕಿಂತ ಹೆಚ್ಚು ಆಳಿಲ್ಲದ, ಸಿಡಿಮದ್ದು ಬಳಸದ ತೆರೆದ ಕೋರೆಗೆ ಬಹುಪಾಲು ವಿನಾಯಿತಿ ಕೊಟ್ಟಿತ್ತು. ಕೊಡಲಿ ಕೋರೆಗೆ ಅಳತೆ ತೆಗೆದೇ ಹೊಲಿದ ಅಂಗಿಯಂತೆ!